ಜಾಮೀನಿಗೆ ಯಾರು?



ಪೀಠದ ಪದ್ಧತಿಯಂತೆ ಈ ಪುಟಗಳಲ್ಲಿ 'ನಾವು' ಎಂದೇ ಬರೆಯುತ್ತ ಬಂದಿದ್ದೇವೆ. ಈ ಸಲ ಆ ಪದ್ಧತಿಯನ್ನು ಬದಿಗಿರಿಸಿ 'ನಾನು' ಎಂದು ಬರೆಯುತ್ತೇನೆ. ಹೇಳಹೊರಟಿರುವುದು ಒಂದು ತಪ್ಪಿನ ಸಂಗತಿ. ಆ ತಪ್ಪು ಪೀಠದ್ದಲ್ಲ, ನನ್ನದು. ಬಹುವಚನದ ಮರೆಯಲ್ಲಿ ನಿಂತು ಅದನ್ನು ಹೇಳುವುದು ಸರಿಯೆನಿಸಲಿಲ್ಲ.

ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳು ಇತ್ತೀಚೆಗೆ ಕೂಡಿದ್ದರು. ಅವರಲ್ಲಿ ಈಗ ದೊಡ್ಡ ಉದ್ಯೋಗದಲ್ಲಿರುವ ಒಬ್ಬರು ಊಟದ ಹೊತ್ತಿಗೆ ನನ್ನ ಬಳಿ ಬಂದು, "ಅಜ್ಜಾರ, ನಮ್ಮ ಕಾಲಕ್ಕ ಒಂದು ರೊಕ್ಕದ ಗದ್ದಲ ಆಗಿತ್ತಲ್ರೀ, ಆ ಹುಡುಗ ಈಗ ಎಲ್ಲಿದ್ದಾನ್ರೀ?" ಎಂದು ಕೇಳಿದರು. ಅಂದು ನಿಲಯದಲ್ಲಿದ್ದ ನೂರಿಪ್ಪತ್ತು ಜನರಲ್ಲಿ ಅನೇಕರಿಗೆ ಆ ಗದ್ದಲ ನೆನಪಿದೆ, ಮುಂದಿನ ಕಥೆ ತಿಳಿದಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಊರಿನ ಹೆಸರನ್ನು ಹೇಳುವುದಿಲ್ಲ. ಹುಬ್ಬಳ್ಳಿ, ಗದಗ-ಬೆಟಗೇರಿ, ವಿಜಯಪುರ, ಸೊಲ್ಲಾಪುರ ಮೊದಲಾದ ಊರುಗಳನ್ನು ಬಲ್ಲವರಿಗೆ 'ಸೆಟ್ಲ್‌ಮೆಂಟ್' ಎಂಬ ಮಾತು ಹೊಸದಲ್ಲ. ಊರ ಅಂಚಿನ ಒಂದು ಬಡಾವಣೆಗೆ ಆ ಹೆಸರು ಇಂದಿಗೂ ಅಂಟಿಕೊಂಡಿರುತ್ತದೆ. ಅದು ಬಂದ ಬಗೆ ಹೀಗೆ. ಬ್ರಿಟಿಷ್ ಸರಕಾರವು ೧೮೭೧ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, ಹುಟ್ಟಿನಿಂದಲೇ ಕಳ್ಳರೆಂದು ಕೆಲವು ಕುಲಗಳನ್ನು ಪಟ್ಟಿಗೆ ಸೇರಿಸಿತು. ಮೊದಲು ಉತ್ತರ ಹಿಂದುಸ್ಥಾನಕ್ಕೆ ಅನ್ವಯಿಸಿದ್ದ ಆ ಕಾಯಿದೆಯನ್ನು ೧೯೧೧ರಲ್ಲಿ ಇಡೀ ದೇಶಕ್ಕೆ ಹಬ್ಬಿಸಲಾಯಿತು. ೧೯೨೪ರಲ್ಲಿ ಅದು ಮತ್ತೆ ಹೊಸ ರೂಪ ತಳೆಯಿತು. ನಮ್ಮ ಕಡೆಯ ಕೊರವರು ಒಂದು ಕಾಲಕ್ಕೆ ಕತ್ತೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮಾರುತ್ತಿದ್ದವರು. ಬುಟ್ಟಿ ಹೆಣೆಯುವವರು, ಹಗ್ಗ ಹೊಸೆಯುವವರು. ರೈಲು ಬಂದು, ಸರಕಾರದ ಉಪ್ಪಿನ ಕಟ್ಟಳೆ ಬಂದು ಅವರ ವ್ಯಾಪಾರ ಮುರಿಯಿತು. ಅಲೆಮಾರಿಗಳಾಗಿ ಉಳಿದವರನ್ನು ಸರಕಾರ ಸಂಶಯದಿಂದ ನೋಡಿತು. ಮುಂಬಯಿ ಇಲಾಖೆಯಲ್ಲಿ ಅವರನ್ನು ಗಿರಣಿ, ರೈಲ್ವೆ ಕಾರ್ಖಾನೆಗಳಿದ್ದ ಊರುಗಳ ಹೊರಗೆ ಬೇಲಿಯೊಳಗೆ ನೆಲೆಗೊಳಿಸಿದರು. ಪ್ರತಿನಿತ್ಯ ಹಾಜರಿ ಕೊಡಬೇಕು. ಪರಊರಿಗೆ ಹೋಗಬೇಕಾದರೆ ಪಾಸು ಬೇಕು. ೧೯೫೨ರ ಆಗಸ್ಟ್ ೩೧ರಂದು ಕಾಯಿದೆ ರದ್ದಾಯಿತು, ಆ ಜನ 'ವಿಮುಕ್ತ'ರೆನಿಸಿಕೊಂಡರು. ಆದರೆ ಆ ಜಾಗದಲ್ಲಿ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯಿದೆಗಳು ಬಂದವು. ನಮ್ಮ ರಾಜ್ಯದ್ದು ೧೯೬೧ರದು. ಕುಲವನ್ನು ಬಿಟ್ಟು ವ್ಯಕ್ತಿಯನ್ನು ಹಿಡಿಯುವ ಕಾಯಿದೆ ಎಂದು ಹೇಳಬಹುದು. ಆದರೆ ಆ ವ್ಯಕ್ತಿಯನ್ನು ಹುಡುಕಿಕೊಂಡು ಮೊದಲು ಯಾವ ಓಣಿಗೆ ಹೋಗುತ್ತಿದ್ದರೆಂಬುದನ್ನು ಹೇಳಬೇಕಾಗಿಲ್ಲ.

ಇಷ್ಟೆಲ್ಲವನ್ನು ನಾನು ಆಮೇಲೆ ಓದಿ ತಿಳಿದದ್ದು. ೧೯೯೮ರಲ್ಲಿ ನನಗೆ ಇದಾವುದೂ ಗೊತ್ತಿರಲಿಲ್ಲ. ಕಾಶಿಯಲ್ಲಿ ಸಂಸ್ಕೃತವನ್ನೂ ಧಾರವಾಡದಲ್ಲಿ ತತ್ತ್ವಶಾಸ್ತ್ರವನ್ನೂ ಓದಿ ಮುಗಿಸಿ ಬಂದು, ಶಾಖಾ ಮಠದ ಪ್ರಸಾದ ನಿಲಯವನ್ನು ನೋಡಿಕೊಳ್ಳುತ್ತಿದ್ದೆ. ಸೆಟ್ಲ್‌ಮೆಂಟಿನಿಂದ ಒಬ್ಬ ಹುಡುಗ ಬಂದು ಸೇರಿದ್ದ. ಹದಿನೆಂಟು ತುಂಬಿತ್ತು, ಪಿ.ಯು.ಸಿ. ಎರಡನೆಯ ವರ್ಷ. ತಂದೆ ಇರಲಿಲ್ಲ, ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಅವನನ್ನು ಸೇರಿಸಿಕೊಂಡದ್ದಕ್ಕೆ ನನಗೆ ಒಳಗೊಳಗೆ ಅಭಿಮಾನವೂ ಇತ್ತು. ಬಂದ ಅತಿಥಿಗಳಿಗೆ ಅವನನ್ನು ತೋರಿಸುತ್ತಿದ್ದೆ.

ಫೆಬ್ರುವರಿಯಲ್ಲಿ ಜಾತ್ರೆಯ ದಾಸೋಹಕ್ಕಾಗಿ ಹುಡುಗರು ಊರಲ್ಲಿ ತಿರುಗಿ ಕೂಡಿಸಿ ತಂದ ೪,೬೦೦ ರೂಪಾಯಿ ಕಪಾಟಿನಲ್ಲಿತ್ತು. ಒಂದು ಸಂಜೆ ನೋಡಿದರೆ ಇಲ್ಲ. ಯಾರೋ ಫೋನು ಮಾಡಿದರು, ಫೌಜದಾರರು ಬಂದರು. "ಅಜ್ಜಾರ, ನಿಮಗ ಯಾರ ಮ್ಯಾಲರ ಸಂಶೆ ಐತೇನ್ರೀ?" ಎಂದು ವಿನಯದಿಂದಲೇ ಕೇಳಿದರು. ನಾನು, "ಸೆಟ್ಲ್‌ಮೆಂಟ್ ಕಡೆಯ ಹುಡುಗನೊಬ್ಬ ಇದ್ದಾನೆ, ನೋಡಿರಿ" ಎಂದೆ. ಹೆಸರನ್ನು ಹೇಳಲಿಲ್ಲ, ವಿಳಾಸವನ್ನು ಹೇಳಿದೆ. ಅಷ್ಟು ಸಾಕಾಯಿತು.

ಆ ದಿನಗಳಲ್ಲಿ ನಾನು ಮಕ್ಕಳಿಗೆ ಅನ್ನಂಭಟ್ಟನ ತರ್ಕಸಂಗ್ರಹವನ್ನು ಪಾಠ ಹೇಳುತ್ತಿದ್ದೆ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವುದು ಅನುಮಾನ. ಸಂಸ್ಕೃತದಲ್ಲಿ ಅದು ಜ್ಞಾನದ ಒಂದು ದಾರಿ. ಹೇತು ಸರಿಯಿಲ್ಲದಿದ್ದರೆ ಅದು ಹೇತ್ವಾಭಾಸ. ಕನ್ನಡಕ್ಕೆ ಬರುವಷ್ಟರಲ್ಲಿ ಅದೇ 'ಅನುಮಾನ'ಕ್ಕೆ ಸಂಶಯವೆಂಬ ಅರ್ಥ ಬಂದುಬಿಟ್ಟಿದೆ. ಬೆಳಿಗ್ಗೆ ಸಂಸ್ಕೃತದ ಅನುಮಾನವನ್ನು ಬೋಧಿಸಿ, ಸಂಜೆ ಕನ್ನಡದ ಅನುಮಾನವನ್ನು ಮಾಡಿದೆ.

ಹುಡುಗನ ಟ್ರಂಕಿನಲ್ಲಿ ೩೦೦ ರೂಪಾಯಿ ಸಿಕ್ಕಿತು. ರವಿವಾರಗಳಲ್ಲಿ ಅಡತಿ ಅಂಗಡಿಯಲ್ಲಿ ಚೀಲ ಹೊತ್ತು ಗಳಿಸಿದ್ದೆಂದು ಅವನು ಹೇಳಿದ. ಅದನ್ನು ಯಾರೂ ವಿಚಾರಿಸಲಿಲ್ಲ. ನಾನು ವಿಚಾರಿಸಬಹುದಾಗಿತ್ತು, ಅಂಗಡಿ ಮಠದಿಂದ ಹೆಚ್ಚು ದೂರವಿರಲಿಲ್ಲ, ಅದರ ಮಾಲೀಕರು ನಮ್ಮ ಭಕ್ತರೇ ಆಗಿದ್ದರು.

ಹನ್ನೊಂದನೆಯ ದಿನ ನ್ಯಾಯಾಲಯ ಅವನಿಗೆ ಜಾಮೀನು ಮಂಜೂರು ಮಾಡಿತು. ಇಲ್ಲಿ, ಬಂಧುಗಳೇ, ನೀವು ಸ್ವಲ್ಪ ನಿಂತು ನೋಡಬೇಕು. ನಾನೂ ನಿಮ್ಮಂತೆ, ಜಾಮೀನು ಸಿಕ್ಕಿತೆಂದರೆ ಮನುಷ್ಯ ಮನೆಗೆ ಬಂದನೆಂದೇ ತಿಳಿದಿದ್ದೆ. ಹಾಗಲ್ಲ. ಐದು ಸಾವಿರದ ಮುಚ್ಚಳಿಕೆಯ ಜೊತೆಗೆ, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಬೇಕು. ಆತನ ಹೆಸರಿನಲ್ಲಿ ಹೊಲದ ಉತಾರವೋ ಮನೆಯ ಕಾಗದವೋ ಇರಬೇಕು. ಸೆಟ್ಲ್‌ಮೆಂಟಿನ ಮನೆಗಳು ಸರಕಾರದ ನೆಲದ ಮೇಲಿದ್ದವು. ಮೂರು ತಲೆಮಾರು ಬಾಳಿದ ಮನೆಗೂ ಕಾಗದವಿಲ್ಲ. ಇಡೀ ಓಣಿಯಲ್ಲಿ ಒಬ್ಬನಿಗಾಗಿ ಇನ್ನೊಬ್ಬ ನಿಲ್ಲುವಂತಿರಲಿಲ್ಲ. ಅವನ ತಾಯಿ ಒಂದು ಬೆಳಿಗ್ಗೆ ಮಠಕ್ಕೆ ಬಂದು ಮೆಟ್ಟಿಲ ಬಳಿ ಮಧ್ಯಾಹ್ನದವರೆಗೆ ಕುಳಿತಿದ್ದಳು. ನಾನು ಪೂಜೆಯಲ್ಲಿದ್ದೆ. ಪೂಜೆ ಮುಗಿದ ಮೇಲೂ ಹೊರಗೆ ಬರಲಿಲ್ಲ. ಕಾನೂನು ತನ್ನ ಕೆಲಸ ಮಾಡುತ್ತದೆಂದು ಮರಿಯ ಕೈಯಲ್ಲಿ ಹೇಳಿ ಕಳಿಸಿದೆ.

ಹುಡುಗ ಮತ್ತೆ ಐವತ್ತನಾಲ್ಕು ದಿನ ಒಳಗಿದ್ದ.

ಏಪ್ರಿಲ್‌ನಲ್ಲಿ ವರ್ಷದ ಲೆಕ್ಕ ಮುಗಿಸಲು ಬ್ಯಾಂಕಿನ ಪಾಸ್‌ಬುಕ್ಕಿಗೆ ನಮೂದು ಮಾಡಿಸಿ ತಂದಾಗ, ಕಳುವಾದ ದಿನದ ತಾರೀಖಿನಲ್ಲಿಯೇ ೪,೬೦೦ ರೂಪಾಯಿ ಜಮೆಯಾಗಿತ್ತು. ನಿಲಯದ ಮೇಲ್ವಿಚಾರಕರು, ವೃದ್ಧರು, ಆ ಮಧ್ಯಾಹ್ನ ಹಣವನ್ನು ಬ್ಯಾಂಕಿಗೆ ಕಟ್ಟಿ, ಮನೆಯವರಿಗೆ ಕಾಯಿಲೆಯೆಂದು ಸುದ್ದಿ ಬಂದದ್ದರಿಂದ ಹಾಗೆಯೇ ಊರಿಗೆ ಹೋಗಿದ್ದರು. ಮರಳಿ ಬಂದಾಗ, ಬೇರೆ ಯಾವುದೋ ಹಣ ಕಳುವಾಗಿದೆ ಎಂದು ಅವರು ತಿಳಿದರು. ಅವರನ್ನು ಯಾರೂ ಕೇಳಲೂ ಇಲ್ಲ. ಕಳ್ಳ ಸಿಕ್ಕ ಮೇಲೆ ಲೆಕ್ಕ ನೋಡುವವರು ಯಾರು?

ಅದೇ ದಿನ ತುರಂಗಕ್ಕೆ ಹೋದೆ. ಸರಳಿನ ಆಚೆ ಅವನು ಬಂದು ನಿಂತ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ; ಅದಾವುದನ್ನೂ ಹೇಳಲಾಗಲಿಲ್ಲ. ಅವನೇ ಮೊದಲು ಮಾತನಾಡಿದ: "ಪರೀಕ್ಷಿ ಮುಗದ್ವೇನ್ರೀ?"

ಮುಗಿದಿದ್ದವು.

ಪೊಲೀಸರು 'ಬಿ' ವರದಿ ಸಲ್ಲಿಸಿದರು, ಪ್ರಕರಣ ಮುಚ್ಚಿತು. ಅವನನ್ನು ಮತ್ತೆ ನಿಲಯಕ್ಕೆ ಕರೆತಂದೆ. ಎಲ್ಲ ಹುಡುಗರ ಮುಂದೆ ನಿಜವನ್ನು ಹೇಳಿದೆ ಕೂಡ. ಮೂರು ದಿನ ಇದ್ದ. ಹೇಳಿದ್ದನ್ನು ಹುಡುಗರು ಕೇಳಿದರು, ತಲೆಯಾಡಿಸಿದರು, ರಾತ್ರಿ ತಮ್ಮ ತಮ್ಮ ಟ್ರಂಕುಗಳಿಗೆ ಬೀಗ ಹಾಕಿಕೊಂಡು ಮಲಗಿದರು. ನಾಲ್ಕನೆಯ ದಿನ ಬೆಳಿಗ್ಗೆ ಅವನ ಹಾಸಿಗೆ ಸುತ್ತಿಟ್ಟಿತ್ತು. (ನಿಮ್ಮಲ್ಲಿ ಬೀಗ ಹಾಕಿಕೊಂಡವರು ಇದನ್ನು ಓದುತ್ತಿದ್ದರೆ ನೊಂದುಕೊಳ್ಳಬೇಡಿರಿ. ನೀವು ಹದಿನೇಳರ ಹುಡುಗರಾಗಿದ್ದಿರಿ.)

೨೦೦೨ರಲ್ಲಿ ಅವನಿಗೆ ಎರಡು ವರ್ಷ ಶಿಕ್ಷೆಯಾಯಿತು. ರಾತ್ರಿ ಮನೆ ಮುರಿದ ಪ್ರಕರಣ. ಈ ಸಲ ಕಳುವು ನಿಜವೇ ಆಗಿತ್ತು. ಕೂಡಿ ಮಾಡಿದವರು ಅವನಿಗೆ ಆ ಅರವತ್ತೈದು ದಿನಗಳಲ್ಲಿ ಪರಿಚಯವಾದವರು. ಕಳೆದುಕೊಂಡವರು ಶ್ರೀಮಂತರೇನಲ್ಲ, ಮಗಳ ಮದುವೆಗೆಂದು ಎರಡು ತೊಲ ಬಂಗಾರ ಮಾಡಿಸಿಟ್ಟಿದ್ದ ಒಬ್ಬ ಶಿಕ್ಷಕ. ಆ ಮನೆಗೂ ನಾನು ಹೋಗಿ ಬಂದೆ. ಬಡತನವೇ ಎಲ್ಲದಕ್ಕೂ ಕಾರಣವೆಂದು ಹೇಳಿ ಆ ತಾಯಿಯ ಮುಂದೆ ಕುಳಿತುಕೊಳ್ಳಲು ಸಾಧ್ಯವಿರಲಿಲ್ಲ. ಕಳುವಿನಲ್ಲಿ ಕಳ್ಳನ ಪಾಲು ಕಳ್ಳನದೇ. ಉಳಿದ ಪಾಲು ಎಷ್ಟು, ಯಾರದು ಎಂಬುದು ಮಾತ್ರ ಯಾವ ಪಾಸ್‌ಬುಕ್ಕಿನಲ್ಲಿಯೂ ನಮೂದಾಗುವುದಿಲ್ಲ.

ಆಮೇಲೆ ಸೆಟ್ಲ್‌ಮೆಂಟಿಗೆ ಹೋಗಲು ಪ್ರಾರಂಭಿಸಿದೆ. ಮೊದಲು ಮಾಡಿದ್ದೆಲ್ಲ ನಗೆಪಾಟಲಿನ ಕೆಲಸವೇ. ವ್ಯಸನಮುಕ್ತಿಯ ಮೇಲೆ ಪ್ರವಚನ ಏರ್ಪಡಿಸಿದೆವು. ಕಂಬಳಿ ಹಂಚಿದೆವು. ಹನ್ನೆರಡು ಹೊಲಿಗೆ ಯಂತ್ರಗಳನ್ನು ಕೊಟ್ಟು ಛಾಯಾಚಿತ್ರ ತೆಗೆಸಿಕೊಂಡೆವು; ಅವು ಇದೇ ಪತ್ರಿಕೆಯಲ್ಲಿ ಅಚ್ಚಾದವು. ವರ್ಷ ಕಳೆದು ನೋಡಿದರೆ ಯಂತ್ರಗಳ ಮೇಲೆ ಪಾತ್ರೆ ಒಣಗಿಸುತ್ತಿದ್ದರು. ಹೊಲಿಯುವುದಕ್ಕೆ ಅರಿವೆ ಕೊಡುವವರು ಯಾರು, ಹೊಲಿದದ್ದನ್ನು ಕೊಳ್ಳುವವರು ಯಾರು ಎಂದು ನಾವು ಕೇಳಿಯೇ ಇರಲಿಲ್ಲ.

ಒಂದು ಮನೆಯಲ್ಲಿ ನುಲಿಯ ಚಂದಯ್ಯ ಶರಣರ ಪಟಕ್ಕೆ ಹೂವಿನ ಹಾರ ಹಾಕಿದ್ದರು. ಮೆದೆಹುಲ್ಲು ಕೊಯ್ದು ತಂದು ಹಗ್ಗ ಹೊಸೆದು ಮಾರಿ ದಾಸೋಹ ಮಾಡಿದ ಆ ಶರಣರನ್ನು ಅವರು ತಮ್ಮ ಕುಲದ ಹಿರಿಯರೆಂದು ಪೂಜಿಸುತ್ತಾರೆ. ಕಾಯಕದ ವಿಷಯ ಬಂದಾಗಲೆಲ್ಲ ಚಂದಯ್ಯಗಳ ಹೆಸರನ್ನು ನಾನೂ ವೇದಿಕೆಯ ಮೇಲೆ ಎತ್ತಿದವನೇ. ಅವರ ಮನೆಯ ಮಕ್ಕಳನ್ನು ನಾನು ಯಾವ ಹೆಸರಿನಿಂದ ಗುರುತಿಸಿದ್ದೆನೆಂಬುದು ಆ ಪಟದ ಮುಂದೆ ನಿಂತಾಗ ನೆನಪಾಯಿತು.

ಒಂದು ಸಂಜೆ ಹೆಂಗಸರನ್ನು ಕೂಡಿಸಿ, ನಿಮಗೇನು ಬೇಕು ಹೇಳಿರಿ ಎಂದೆ. ಮೊದಲು ಬೀದಿಯ ದೀಪವೆಂದರು. ಆಮೇಲೆ ನಳ: ನಾಲ್ಕು ದಿನಕ್ಕೊಮ್ಮೆ ಬರುವ ನೀರು ಇವರ ಓಣಿಗೆ ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಕಳ್ಳಭಟ್ಟಿಯನ್ನು ನಿಲ್ಲಿಸಿರೆಂದು ಕೆಲವರು ಅಂದರೆ, ಅದನ್ನೇ ನಂಬಿಕೊಂಡ ಒಬ್ಬಿಬ್ಬರು ಸುಮ್ಮನೆ ನೆಲ ನೋಡಿದರು. ಕೆಲಸಕ್ಕೆ ಅರ್ಜಿ ಬರೆಯುವಾಗ ಹುಡುಗರು ಪಕ್ಕದ ಓಣಿಯ ಹೆಸರು ಹಾಕುತ್ತಾರೆಂದು ಒಬ್ಬಳು ಹೇಳಿದಳು. ಊರಲ್ಲಿ ಎಲ್ಲಿಯೇ ಕಳುವಾಗಲಿ, ಆ ರಾತ್ರಿ ಗಂಡಸರನ್ನು ಠಾಣೆಗೆ ಕರೆದೊಯ್ದು ಕೂಡಿಸುತ್ತಾರೆ, ಮರುದಿನದ ಕೂಲಿ ಹೋಗುತ್ತದೆ ಎಂದು ಇನ್ನೊಬ್ಬಳು ಹೇಳಿದಳು. ಹಾಜರಿ ನಿಂತು ಐವತ್ತು ವರ್ಷಗಳಾಗಿದ್ದವು. ಅದರ ಪುಸ್ತಕ ಮಾತ್ರ ಹೋಗಿತ್ತು. ಕೊನೆಗೆ, ಅಲ್ಲಿಯವರೆಗೂ ಹಿಂದೆ ಕುಳಿತಿದ್ದ ಆ ಹುಡುಗನ ತಾಯಿ ಎದ್ದಳು. "ಆಶೀರ್ವಾದ ಸಾಕ್ರೀ ಅಜ್ಜಾರ. ಜಾಮೀನಿಗೆ ಒಬ್ಬರನ್ನ ಕೊಡ್ರಿ" ಎಂದಳು.

ನಾನೇ ನಿಲ್ಲುತ್ತೇನೆಂದು ಒಪ್ಪಿಕೊಂಡು ಬಂದೆ. ವಕೀಲರಲ್ಲಿ ವಿಚಾರಿಸಲಾಗಿ ಅವರು ನಕ್ಕರು. ಮಠದ ಆಸ್ತಿ ಮಠದ್ದು. ಅದನ್ನು ಒಬ್ಬರ ಜಾಮೀನಿಗೆ ತೋರಿಸುವಂತಿಲ್ಲ. ನನ್ನ ಹೆಸರಿನಲ್ಲಿ ಏನಿದೆ? ಸನ್ಯಾಸಿಗೆ ಉತಾರವೆಲ್ಲಿಯದು! ವೈರಾಗ್ಯವನ್ನು ಕುರಿತು ಇಷ್ಟು ವರ್ಷ ಮಾತನಾಡಿದ ಮೇಲೆ, ಏನೂ ಇಲ್ಲದವನು ನ್ಯಾಯಾಲಯದಲ್ಲಿ ಯಾವ ಲೆಕ್ಕಕ್ಕೂ ಇಲ್ಲವೆಂಬುದನ್ನು ಅಂದು ಕಂಡೆ. ಆ ಓಣಿಯವರೂ ನಾನೂ ಅಷ್ಟರ ಮಟ್ಟಿಗೆ ಒಂದೇ.

ಆದುದರಿಂದ ಭಕ್ತರನ್ನು ಕೇಳತೊಡಗಿದೆ. ಎಷ್ಟೇ ದಾನವನ್ನಾದರೂ ಕೊಡಬಲ್ಲವರು ಇದಕ್ಕೆ ಹಿಂಜರಿದರು. ಐವತ್ತು ಎಕರೆಯ ಒಬ್ಬ ಹಿರಿಯರು ಕೈಮುಗಿದು, "ರೊಕ್ಕ ಕೇಳ್ರಿ ಅಜ್ಜಾರ, ಈಗ ಕೊಡತೇನಿ. ಉತಾರ ಕೇಳಬ್ಯಾಡ್ರಿ" ಎಂದರು. ಅವರ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. ಬಿಡುಗಡೆಯಾದವನು ತಾರೀಖಿಗೆ ಬಾರದಿದ್ದರೆ ಜಾಮೀನುದಾರ ಆ ಹಣವನ್ನು ತೆರಬೇಕಾಗುತ್ತದೆ. ದಾನ ಕೊಟ್ಟರೆ ಕೊಟ್ಟಲ್ಲಿಗೆ ಮುಗಿಯಿತು. ಜಾಮೀನು ನಿಂತರೆ, ಆ ಮನುಷ್ಯ ಪ್ರತಿ ತಾರೀಖಿಗೂ ಬಂದನೋ ಇಲ್ಲವೋ ಎಂದು ಅವನ ಬೆನ್ನ ಹಿಂದೆ ವರ್ಷಗಟ್ಟಲೆ ಇರಬೇಕು.

ಕಷ್ಟದಿಂದ ಏಳು ಜನ ಒಪ್ಪಿದರು. ೨೦೦೬ರಿಂದ ಇಲ್ಲಿಯವರೆಗೆ ಮೂವತ್ತೊಂದು ಜನರಿಗಾಗಿ ಇವರು ನಿಂತಿದ್ದಾರೆ. ಸಣ್ಣ ಪ್ರಕರಣಗಳು, ಮೊದಲ ಸಲ ಸಿಕ್ಕಿಬಿದ್ದವರು. ಇಬ್ಬರು ಪರಾರಿಯಾದರು. ಒಬ್ಬನ ಸಲುವಾಗಿ ನಮ್ಮ ಒಬ್ಬ ಭಕ್ತರು ೨೦,೦೦೦ ರೂಪಾಯಿ ಕಟ್ಟಬೇಕಾಯಿತು. ಅವರು ಎರಡು ವರ್ಷ ಮಠದ ಕಡೆ ಬರಲಿಲ್ಲ. ಅದೂ ನಡೆದದ್ದೇ, ಬಚ್ಚಿಡುವುದಿಲ್ಲ. ಉಳಿದ ಇಪ್ಪತ್ತೊಂಬತ್ತು ಜನ ಪ್ರತಿ ತಾರೀಖಿಗೂ ಹಾಜರಾದರು. ಅವರಲ್ಲಿ ಎಷ್ಟು ಜನ ಸಜ್ಜನರಾದರೆಂದು ನನ್ನನ್ನು ಕೇಳಬೇಡಿರಿ. ಕೂಲಿ ತಪ್ಪಲಿಲ್ಲ, ಮಕ್ಕಳು ಶಾಲೆ ಬಿಡಲಿಲ್ಲ. ನಾನು ಕಂಡದ್ದು ಇಷ್ಟು. ಮನೆಯ ಗಳಿಸುವ ಕೈ ಎರಡು ತಿಂಗಳು ಒಳಗಿದ್ದರೆ ಹಿರಿಯ ಮಗ ಪುಸ್ತಕ ಬಿಟ್ಟು ಗುಜರಿ ಆರಿಸಲು ಹೋಗುತ್ತಾನೆ. ಮುಲಾಖತ್ತಿಗೆಂದು ಹೆಂಡತಿಯ ಒಂದೊಂದು ದಿನದ ಕೂಲಿ ಹೋಗುತ್ತದೆ. ಸಾಲ ತಲೆಯೆತ್ತುತ್ತದೆ. ಓಣಿ ಕೆಡುವುದು ಹೀಗೆ, ಒಂದೊಂದೇ ಮನೆಯಾಗಿ.

ಇದು ನಮ್ಮ ಒಂದು ಊರಿನ ಕಥೆಯಲ್ಲ. ೨೦೨೨ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದವರು ೫,೭೩,೨೨೦. ಅವರಲ್ಲಿ ೪,೩೪,೩೦೨ ಜನ ಇನ್ನೂ ವಿಚಾರಣೆ ಮುಗಿಯದವರು. ೧೯೭೮ರಷ್ಟು ಹಿಂದೆಯೇ, ಮಧ್ಯಪ್ರದೇಶದ ಮೋತಿರಾಮನೆಂಬ ಗೌಂಡಿಯ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಅವನಿಗೆ ಹತ್ತು ಸಾವಿರದ ಜಾಮೀನು ಕೇಳಿದ್ದರು. ಅವನ ಸಹೋದರ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿದ್ದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬಡವನಿಂದ ಅವನ ಶಕ್ತಿ ಮೀರಿದ ಜಾಮೀನು ಕೇಳುವುದು ತಕ್ಕದ್ದಲ್ಲವೆಂದು ಅಂದೇ ತೀರ್ಪು ಬರೆದರು. ಆ ತೀರ್ಪು ಬಂದು ಇಪ್ಪತ್ತು ವರ್ಷಗಳಾದ ಮೇಲೆ ನಮ್ಮ ಹುಡುಗ ಐದು ಸಾವಿರಕ್ಕಾಗಿ ಒಳಗೆ ಕುಳಿತಿದ್ದ. ೨೦೨೩ರ ಜನವರಿಯಲ್ಲಿ ಅದೇ ನ್ಯಾಯಾಲಯ, ಜಾಮೀನು ಸಿಕ್ಕು ಒಂದು ತಿಂಗಳಾದರೂ ಹೊರಬರಲಾಗದವರ ಷರತ್ತನ್ನು ಸಡಿಲಿಸುವುದನ್ನು ಕೆಳಗಿನ ನ್ಯಾಯಾಲಯಗಳು ತಾವಾಗಿಯೇ ಪರಿಶೀಲಿಸಬಹುದೆಂದು ನಿರ್ದೇಶಿಸಿತು. ಆ ವರ್ಷವೇ ಕೇಂದ್ರ ಸರಕಾರವು ಬಡ ವಿಚಾರಣಾಧೀನರ ಜಾಮೀನಿಗೆ ೪೦,೦೦೦ ರೂಪಾಯಿಯವರೆಗೆ ನೆರವು ಕೊಡುವ ಯೋಜನೆಯನ್ನು ತಂದಿತು. ೨೦೨೪ರ ಅಕ್ಟೋಬರ್ ೩ರ ತೀರ್ಪಂತೂ ನೇರವಾಗಿ ಈ ಓಣಿಗೇ ಬರೆದಂತಿದೆ: ಸೆರೆಮನೆಯಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಅಸಿಂಧು, ಕೈದಿಗಳ ದಾಖಲೆಯಲ್ಲಿ ಜಾತಿಯ ಅಂಕಣವಿರಕೂಡದು, ವಿಮುಕ್ತ ಸಮುದಾಯದವರನ್ನು ಮನಬಂದಂತೆ ಬಂಧಿಸಕೂಡದು.

ಹೊಸ ಸಂಹಿತೆ ೨೦೨೪ರ ಜುಲೈಯಿಂದ ಜಾರಿಗೆ ಬಂದಿದೆ. ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆನಿಸದವನು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಒಳಗಿದ್ದರೆ, ಕೆಲವು ಘೋರ ಅಪರಾಧಗಳನ್ನು ಬಿಟ್ಟು, ಅವನನ್ನು ಬಿಡಬೇಕೆಂದು ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಮನೆಗಳ್ಳತನಕ್ಕೆ ಏಳು ವರ್ಷದವರೆಗೆ ಶಿಕ್ಷೆಯಿದೆ; ಅದರ ಮೂರನೆಯ ಒಂದು ಭಾಗ ಎರಡು ವರ್ಷ ನಾಲ್ಕು ತಿಂಗಳು. ಪರೀಕ್ಷೆ ಅಷ್ಟು ದಿನ ಕಾಯುವುದಿಲ್ಲ. ಇನ್ನೊಂದು ವಿಷಯವನ್ನು ನೀವು ನಿಮ್ಮ ಊರಿನವರಿಗೆ ತಿಳಿಸಬಹುದು: ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯವನ್ನು ಕೇಳದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ದೊರೆಯುತ್ತಾರೆ. ಇದು ೧೯೮೭ರ ಕಾಯಿದೆಯಲ್ಲಿಯೇ ಇದೆ. ನನಗೆ ೧೯೯೮ರಲ್ಲಿ ಗೊತ್ತಿರಲಿಲ್ಲ. ಆ ತಾಯಿಗೆ ಹೇಳುವವರು ಯಾರೂ ಇರಲಿಲ್ಲ.

ಸೆಟ್ಲ್‌ಮೆಂಟಿನಲ್ಲಿ ಈಗ ದೀಪಗಳಿವೆ. ನಳದ ನೀರು ಊರಿನ ಉಳಿದವರಿಗೆ ಬಂದಂತೆ ಬರುತ್ತದೆ. ಅಂದರೆ ಸರಿಯಾಗಿ ಬರುವುದಿಲ್ಲ. ಸಂಜೆಯ ಪಾಠಕ್ಕೆ ನಲವತ್ತು ಮಕ್ಕಳಿದ್ದಾರೆ. ಕಳ್ಳಭಟ್ಟಿ ಹೋಯಿತು, ಈಗ ಮೊಬೈಲಿನಲ್ಲಿ ಜೂಜು ಬಂದಿದೆ. ಅದಕ್ಕೇನು ಮಾಡಬೇಕೆಂದು ನಮಗೆ ಇನ್ನೂ ತಿಳಿದಿಲ್ಲ. ಕೆಲವು ಮನೆಗಳಿಗೆ ಸರಕಾರದಿಂದ ಹಕ್ಕುಪತ್ರ ದೊರೆತಿದೆ. ಈ ಹಕ್ಕುಪತ್ರಕ್ಕಾಗಿ ಹದಿನಾರು ವರ್ಷ ಕಚೇರಿಗಳನ್ನು ತುಳಿದವರು ಆ ಓಣಿಯ ಹೆಂಗಸರು. ಮಠ ಮಾಡಿದ್ದು ಅರ್ಜಿ ಬರೆದುಕೊಟ್ಟದ್ದಷ್ಟೇ.

ಹುಡುಗ, ಅವನನ್ನು ಈಗಲೂ ಹಾಗೆಯೇ ಕರೆಯುತ್ತೇನೆ, ನಲವತ್ತೈದು ದಾಟಿದ್ದಾನೆ. ೨೦೦೪ರಲ್ಲಿ ಬಿಡುಗಡೆಯಾದ ಮೇಲೆ ಮತ್ತೆ ಒಳಗೆ ಹೋಗಿಲ್ಲ. ಗುಜರಿ ವ್ಯಾಪಾರವಿದೆ. ನನ್ನೊಡನೆ ಮಾತನಾಡುವುದಿಲ್ಲ. ಸಮಾವೇಶದಲ್ಲಿ ಕೇಳಿದವರಿಗೆ ಇದು ಉತ್ತರ.

ಕಳೆದ ಶ್ರಾವಣದಲ್ಲಿ ಅದೇ ಓಣಿಯ ಹತ್ತೊಂಬತ್ತರ ಹುಡುಗನೊಬ್ಬ ಬೈಕ್ ಕಳುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದ. ನಮ್ಮ ಏಳು ಜನರಲ್ಲಿ ಮೂವರು ತೀರಿಕೊಂಡಿದ್ದಾರೆ. ಒಬ್ಬರು ಮಗನ ಮನೆಗೆ ಪುಣೆಗೆ ಹೋಗಿದ್ದಾರೆ. ಯಾರನ್ನು ಕರೆಯಲೆಂಬ ಚಿಂತೆಯಲ್ಲಿ ನ್ಯಾಯಾಲಯಕ್ಕೆ ಹೋದರೆ, ಕಟ್ಟೆಯ ಮೇಲೆ ಆ ತಾಯಿ ಕುಳಿತಿದ್ದಳು. ಪ್ಲಾಸ್ಟಿಕ್ ಚೀಲದಲ್ಲಿ ತನ್ನ ಹೆಸರಿನ ಹಕ್ಕುಪತ್ರ, ಮನೆಯ ತೆರಿಗೆ ಕಟ್ಟಿದ ಪಾವತಿ, ಆಧಾರ್ ಚೀಟಿ. ಹೊರಗೆ ಗುಜರಿಯ ಗಾಡಿಯಲ್ಲಿ ಮಗ ಕಾಯುತ್ತಿದ್ದ. ಒಳಗೆ ಗುಮಾಸ್ತರು ವಿಳಾಸ ಕೇಳಿದಾಗ ಅವಳು ಪಕ್ಕದ ಓಣಿಯ ಹೆಸರು ಹೇಳಲಿಲ್ಲ. "ಸೆಟ್ಲ್‌ಮೆಂಟ್ ರೀ" ಎಂದು ಇಡೀ ಕೋಣೆಗೆ ಕೇಳುವಂತೆ ಹೇಳಿ ಹೆಬ್ಬೆಟ್ಟು ಒತ್ತಿದಳು.

ಹೊರಗೆ ಬಂದು ಬೆರಳಿನ ಮಸಿಯನ್ನು ಗೋಡೆಗೆ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿ, "ಅಜ್ಜಾರ, ನಿಮ್ಮ ಹೆಸರಲೆ ಇನ್ನಾ ಏನೂ ಆಗಿಲ್ಲೇನ್ರೀ?" ಎಂದು ಕೇಳಿದಳು.

ಇಲ್ಲ ತಾಯಿ ಎಂದೆ.